ಬಾಗಲಕೋಟೆ ಸೀಮೆಯ ಮಳೆ, ಎರೆಭೂಮಿ ಮತ್ತು ಹೊಲದ ಒಡ್ಡು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಈ ನಾಲ್ಕು ಊರುಗಳ ಸುತ್ತಣ ಸೀಮೆಗೆ ಹೊರಗಿನವರು ಮರುಭೂಮಿಯೆಂದು ಹೆಸರಿಡುವದುಂಟು. ವೈಶಾಖಮಾಸದಲ್ಲಿ ಇತ್ತ ಕಡೆ ಬಂದು ಹೋದವರಿಗೆ ಹಾಗೆನಿಸಿದರೆ ಆಶ್ಚರ್ಯವೇನೂ ಇಲ್ಲ. ಕೈ ತೂರುವಷ್ಟು ಬಿರುಕುಬಿಟ್ಟ ಕರಿಯ ನೆಲ, ಬತ್ತಿದ ಹಳ್ಳಗಳು, ಬೇವು ಬನ್ನಿ ಜಾಲಿಗಳನ್ನುಳಿದು ಬೇರೆ ಹಸಿರಿಲ್ಲದ ಬಯಲು, 40 ಡಿಗ್ರಿಯನ್ನು ಮುಟ್ಟುವ ಬಿಸಿಲು, ಇವೇ ಆಗ ಕಣ್ಣಿಗೆ ಬೀಳುವವು. ಆದರೂ ಆ ಹೆಸರು ಸರಿಯಾದುದಲ್ಲ. ರಾಜಸ್ಥಾನದ ಜೈಸಲಮೇರದಲ್ಲಿ ವರ್ಷಕ್ಕೆ ಆರೆಂಟು ಅಂಗುಲ ಮಳೆಯಾಗುವದು. ಅದು ನಿಜವಾದ ಮರುಭೂಮಿ. ಬಾಗಲಕೋಟೆ ಸೀಮೆಯಲ್ಲಿಯಾದರೋ ವರ್ಷದ ಸರಾಸರಿ ಮಳೆಯು ಸುಮಾರು 22 ಅಂಗುಲ, ಅಂದರೆ 560 ಮಿಲಿಮೀಟರಿನ ಆಸುಪಾಸು. ಇಷ್ಟು ಮಳೆ ಬೀಳುವ ನಾಡನ್ನು ಮರುಭೂಮಿಯೆನ್ನುವದು ಅಲ್ಲಿಯ ಒಕ್ಕಲಿಗನ ಪಾಲಿಗೆ ಬಂದ ಸೊತ್ತನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಂತೆ. ಇಲ್ಲಿ ವಿಚಾರಿಸತಕ್ಕ ಸಂಗತಿಯು ಮಳೆ ಎಷ್ಟು ಬೀಳುವದೆಂಬುದಕ್ಕಿಂತ ಹೆಚ್ಚಾಗಿ, ಅದು ಯಾವಾಗ ಬೀಳುವದು, ಬಿದ್ದ ಮೇಲೆ ಎಲ್ಲಿಗೆ ಹೋಗುವದು ಎಂಬುದೇ ಆಗಿದೆ. ಊರಿನ ಹಿರಿಯರೂ ಜಮೀನುದಾರರೂ ಇವೆರಡರ ಕಡೆಗೆ ಲಕ್ಷ್ಯವಿಡುವದು ಅವಶ್ಯವಾಗಿದೆ.

ಮಳೆ ಕಡಿಮೆಯಾಗಲು ಕಾರಣವು ಪಡುವಣ ದಿಕ್ಕಿನಲ್ಲಿರುವ ಸಹ್ಯಾದ್ರಿ. ಅರಬೀ ಸಮುದ್ರದಿಂದ ಬರುವ ನೈಋತ್ಯ ಮಾರುತವು ಘಟ್ಟವನ್ನೇರುವಾಗ ತಂಪಾಗಿ ತನ್ನ ನೀರಿನ ಬಹುಭಾಗವನ್ನು ಅಲ್ಲಿಯೇ ಸುರಿದುಬಿಡುವದು. ಮಹಾಬಳೇಶ್ವರದಲ್ಲಿ ವರ್ಷಕ್ಕೆ 200 ಅಂಗುಲಕ್ಕೂ ಮಿಕ್ಕಿ ಮಳೆ; ಬೆಳಗಾವಿಗೆ ಬರುವಷ್ಟರಲ್ಲಿ ಅದು ಐವತ್ತರ ಸುಮಾರಿಗೆ ಇಳಿಯುವದು; ಧಾರವಾಡದಲ್ಲಿ ಮೂವತ್ತರ ಆಸುಪಾಸು; ಬಾಗಲಕೋಟೆಯಲ್ಲಿ ಇಪ್ಪತ್ತೆರಡು. ಘಟ್ಟವನ್ನಿಳಿದ ಗಾಳಿಯು ಒಣಗಿ ಬಿಸಿಯಾಗಿ ಈ ಬಯಲಿನ ಮೇಲೆ ಬೀಸುವದರಿಂದ, ಆಷಾಢದಲ್ಲಿ ಮೋಡಗಳು ತಲೆಯ ಮೇಲೆ ಹಾಯ್ದು ಹೋದರೂ ಹನಿ ಬೀಳುವದಿಲ್ಲ. ನದಿಗಳ ಸಂಗತಿಯೂ ಇದರೊಡನೆ ಹೊಂದಿಕೊಂಡಿದೆ. ಕೃಷ್ಣೆಯು ಮಹಾಬಳೇಶ್ವರದಲ್ಲಿ, ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವವು. ಘಟಪ್ರಭೆಯ ಮೂಲವೂ ಘಟ್ಟದಲ್ಲಿಯೇ ಇದೆ. ಪರರ ಮಳೆಯನ್ನು ಹೊತ್ತುಕೊಂಡು ಈ ಮೂರು ಹೊಳೆಗಳು ಬಾಗಲಕೋಟೆ ಸೀಮೆಯನ್ನು ಹಾಯ್ದು ಹೋಗುವವು. ಹೊಳೆಯು ಹೊಲಕ್ಕಿಂತ ಬಹಳ ಕೆಳಗೆ ಹರಿಯುವದರಿಂದ, ಅಣೆಕಟ್ಟುಗಳಾಗುವವರೆಗೆ ದಂಡೆಯ ಊರುಗಳಿಗೆ ಕುಡಿಯುವ ನೀರನ್ನೂ ದನಗಳ ಮಡುವನ್ನೂ ಬಿಟ್ಟು ಹೆಚ್ಚಿನ ಪ್ರಯೋಜನವು ಅವುಗಳಿಂದ ದೊರೆಯಲಿಲ್ಲ.

ಮಳೆಯು ವರ್ಷದಲ್ಲಿ ಎರಡು ಸಲ ತಲೆಯೆತ್ತುವದು ಈ ಸೀಮೆಯ ಮುಖ್ಯ ಲಕ್ಷಣ. ಮೇ ಕೊನೆಗೆ ರೋಹಿಣಿ, ಜೂನ್ 7ರ ಸುಮಾರಿಗೆ ಮಿರಗ, ಆ ಮೇಲೆ ಆರಿದ್ರಾ ಮಳೆಗಳು ಗುಡುಗು ಗಾಳಿಗಳೊಡನೆ ಬಂದು ಮುಂಗಾರಿಯನ್ನು ಪ್ರಾರಂಭಿಸುವವು. ಆ ತರುವಾಯ ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ ಈ ನಾಲ್ಕು ನಕ್ಷತ್ರಗಳಲ್ಲಿ, ಅಂದರೆ ಜುಲೈ ಆಗಸ್ಟುಗಳಲ್ಲಿ, ಘಟ್ಟದ ಮೇಲೆ ಮಳೆ ಹಗಲಿರುಳು ಸುರಿಯುತ್ತಿರುವಾಗ ಇಲ್ಲಿ ಬರಿಯ ಗಾಳಿ ಬೀಸುತ್ತಿರುವದು. ಸೆಪ್ಟೆಂಬರದಲ್ಲಿ ಮಾರುತವು ಹಿಂದಿರುಗುವ ಕಾಲಕ್ಕೆ ಉತ್ತರಾ ಮಳೆ, ಕೊನೆಯ ವಾರದಿಂದ ಹಸ್ತಾ, ಅಕ್ಟೋಬರ ಹತ್ತರ ತರುವಾಯ ಚಿತ್ತಾ, ಹೀಗೆ ಮೂಡಣದಿಂದ ಬರುವ ಮಳೆಗಳು ವರ್ಷದ ದೊಡ್ಡ ಪಾಲನ್ನು ತಂದುಕೊಡುವವು. ಬಾಗಲಕೋಟೆಗೆ ಎಲ್ಲ ತಿಂಗಳುಗಳಲ್ಲಿ ಸೆಪ್ಟೆಂಬರವೇ ಹೆಚ್ಚು ಮಳೆಯ ತಿಂಗಳು. ವರ್ಷವಿಡೀ ಎಣಿಸಿದರೂ ಎಣಿಕೆಗೆ ಬರುವಂಥ ಮಳೆಯ ದಿವಸಗಳು ಸುಮಾರು ನಲವತ್ತು. ಅವುಗಳಲ್ಲಿಯೂ ನಾಲ್ಕೈದು ದೊಡ್ಡ ಮಳೆಗಳೇ ಅರ್ಧ ವರ್ಷದ ನೀರನ್ನು ತಂದು ಸುರಿಯುವದುಂಟು. ಉತ್ತರಾ ಹಸ್ತಾ ಎರಡೂ ತಪ್ಪಿದರೆ, ವರ್ಷದ ಸರಾಸರಿಯು ಕಾಗದದ ಮೇಲೆ ಅಷ್ಟೇನೂ ಕೆಟ್ಟದಾಗಿ ಕಾಣದಿದ್ದರೂ ಹೊಲದಲ್ಲಿ ಬರವೇ ಸರಿ.

ಇಂಥ ಮಳೆಯನ್ನು ಹಿಡಿಯುವ ಮಣ್ಣುಗಳು ಮುಖ್ಯವಾಗಿ ಎರಡು. ಬಾದಾಮಿಯ ಕೆಂಪು ಮರಳುಗಲ್ಲಿನ ಗುಡ್ಡಗಳ ಬುಡದಲ್ಲಿಯೂ ಇಳಕಲ್ಲದ ಕೆಂಪು ಕಣಶಿಲೆಯ ಸುತ್ತಲೂ ಮಸಾರಿ ಭೂಮಿಯುಂಟು. ಅದು ನೀರನ್ನು ಬೇಗ ಕುಡಿಯುವದು, ಬೇಗ ಬಿಟ್ಟುಕೊಡುವದು. ಆದ್ದರಿಂದ ಅಲ್ಲಿ ಮುಂಗಾರಿ ಸಜ್ಜೆ, ಹೆಸರು, ತೊಗರಿ, ಶೇಂಗಾಗಳೇ ನಡೆಯುವವು. ಹುನಗುಂದದ ಬಯಲಿನಲ್ಲಿ ಹಾಗೂ ಹೊಳೆದಂಡೆಗಳಲ್ಲಿ ಎರೆಭೂಮಿ. ಮೂರು ಫೂಟು ಆಳದ ಒಳ್ಳೆಯ ಎರೆಮಣ್ಣು ಬೆಳೆಗೆ ಸಿಗುವಂಥ ಐದಾರು ಅಂಗುಲ ನೀರನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳಬಲ್ಲದು. ಆ ನೀರಿನ ಮೇಲೆಯೇ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ, ಜವೆಗೋಧಿಗಳು ಅಕ್ಟೋಬರದಿಂದ ಫೆಬ್ರುವರಿಯವರೆಗೆ ಮೇಲಿನಿಂದ ಹನಿ ಬೀಳದೆಯೂ ಬೆಳೆದು ಬರುವವು. ಮಲೆನಾಡಿನವರಿಗೆ ಇದನ್ನು ಹೇಳಿದರೆ ನಂಬಲಿಕ್ಕಿಲ್ಲ. ಅವರ ಭತ್ತವು ನಿಂತ ನೀರಿನಲ್ಲಿ ಬೆಳೆಯುವದು. ಇಲ್ಲಿಯ ಜೋಳವು ಹೋದ ನೀರಿನ ನೆನಪಿನಲ್ಲಿ ಬೆಳೆಯುವದು.

ಈ ಹವೆಯು ಬರಿಯ ಬೆಳೆಯನ್ನಷ್ಟೇ ಅಲ್ಲ, ಮನೆ, ಉಗ್ರಾಣ, ಹಬ್ಬ ಹುಣ್ಣಿಮೆಗಳನ್ನೂ ತಿದ್ದಿದೆ. ಈ ಭಾಗದ ಹಳೆಯ ಮನೆಗಳು ಮೇಲ್ಮುದ್ದೆಯವು. ತೊಲೆ ಜಂತಿಗಳ ಮೇಲೆ ಕಟ್ಟಿಗೆ ಹೊದಿಸಿ, ಅದರ ಮೇಲೆ ಮಣ್ಣನ್ನು ದಪ್ಪವಾಗಿ ಬಡಿದು, ಮಳೆಗಾಲಕ್ಕೆ ಮುಂಚೆ ಸವಳುಮಣ್ಣನ್ನು ಹರಡಿ ಗಟ್ಟಿಮಾಡುವರು. ಹಗಲಿನ ಬಿಸಿಯನ್ನು ತಡೆಯುವದಕ್ಕೂ ರಾತ್ರಿ ಮೇಲೆ ಮಲಗುವದಕ್ಕೂ ಕಾಳು ಒಣಗಿಸುವದಕ್ಕೂ ಇದಕ್ಕಿಂತ ಅನುಕೂಲವಾದ ಮಾಳಿಗೆ ಬೇರೊಂದಿಲ್ಲ. ಬಿಟ್ಟುಬಿಟ್ಟು ಬೀಳುವ ಮಳೆಗೆ ಅದು ತಡೆಯುವದು. ಎಡೆಬಿಡದೆ ಹಿಡಿದ ಮಳೆಗೆ ಮಾತ್ರ ತಡೆಯಲಾರದು. ಇದರ ಕಠಿಣ ಅನುಭವವು 2009ರ ಹಸ್ತಾ ಮಳೆಯಲ್ಲಿ ಬಂದಿತು. ಆ ವರ್ಷ ಸೆಪ್ಟೆಂಬರದ ಕೊನೆಯ ದಿವಸಗಳಿಂದ ಅಕ್ಟೋಬರದ ಮೊದಲ ದಿವಸಗಳವರೆಗೆ ಬಾಗಲಕೋಟೆ, ವಿಜಯಪುರ, ರಾಯಚೂರು ಮುಂತಾದ ಜಿಲ್ಲೆಗಳ ಮೇಲೆ ಒಂದೇ ಸಮನೆ ಸುರಿದ ಮಳೆಗೆ ಸಾವಿರಾರು ಮಣ್ಣಿನ ಮನೆಗಳು ನೆನೆದು ಕುಸಿದವು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಸತ್ತರು. ಬರವನ್ನು ಎದುರಿಸಲು ಕಟ್ಟಿದ ಮನೆಯು ನೆರೆಗೆ ಬಲಿಯಾಯಿತು.

ಮನೆಯಂತೆಯೇ ಉಗ್ರಾಣವೂ ಈ ಹವೆಯ ಕೂಸು. ಹಗೇವೆಂದರೆ ಬಾಯಿ ಸಣ್ಣದಾಗಿ ಒಳಹೊಟ್ಟೆ ದೊಡ್ಡದಾಗಿ ಭೂಮಿಯಲ್ಲಿ ತೋಡಿದ ಕಾಳಿನ ಕುಣಿ. ಅದರ ಬುಡಕ್ಕೂ ಮೈಗೂ ಹುಲ್ಲು ಹೊದಿಸಿ ಜೋಳ ತುಂಬಿ, ಬಾಯಿಯನ್ನು ಕಲ್ಲು ಮಣ್ಣುಗಳಿಂದ ಭದ್ರವಾಗಿ ಮುಚ್ಚಿದರೆ ಕಾಳು ಕೆಲವು ವರ್ಷಗಳವರೆಗೆ ಕೆಡದೆ ಉಳಿಯುವದು. ಕೆಳಗಿನ ನೆಲ ಒಣಗಿರುವ ಸೀಮೆಯಲ್ಲದೆ ಬೇರೆಲ್ಲಿಯೂ ಇದು ಸಾಧಿಸದು. ಹಗೇವನ್ನು ತೆರೆದೊಡನೆ ಒಳಗಿಳಿದವರು ಕೆಟ್ಟ ಗಾಳಿಗೆ ಉಸಿರುಗಟ್ಟಿ ಸತ್ತ ಸಂದರ್ಭಗಳುಂಟು. ಅದಕ್ಕಾಗಿ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು ಇಳಿಯುವದು ಹಿರಿಯರ ಪದ್ಧತಿ. ಒಳ್ಳೆಯ ವರ್ಷದ ಜೋಳವನ್ನು ಹಗೇವಿಗೂ ಕಣಿಕೆಯನ್ನು ಬಣವೆಗೂ ಇಡುವದು, ಕೆಟ್ಟ ವರ್ಷದಲ್ಲಿ ತೆಗೆಯುವದು, ಇದೇ ಹಿಂದಿನವರ ವಿಮೆಯಾಗಿತ್ತು. ಊರ ಹಗೇವುಗಳು ಈಗ ಹೆಚ್ಚಾಗಿ ಮುಚ್ಚಿಹೋಗಿವೆ. ಚೀಲದಲ್ಲಿಟ್ಟ ಜೋಳಕ್ಕೆ ನುಸಿ ಹಿಡಿಯುವದೂ ಅಂಗಡಿಯ ಧಾರಣೆಗೆ ಮಾರಿಬಿಡುವದೂ ರೂಢಿಯಾಗಿವೆ.

ಮಳೆ ಹಿಂದೆಗೆದ ವರ್ಷ ಹುಡುಗರು ಸೆಗಣಿಯ ಗುರ್ಜಿಯನ್ನು ಹಂಚಿನ ಮೇಲಿಟ್ಟು ತಲೆಯ ಮೇಲೆ ಹೊತ್ತು ಮನೆ ಮನೆಗೆ ತಿರುಗುವರು. ಮನೆಯಾಕೆ ಅದರ ಮೇಲೆ ತಂಬಿಗೆ ನೀರು ಸುರಿದು ಜೋಳ ನೀಡುವಳು. ಕಾರಹುಣ್ಣಿಮೆಗೆ ಎತ್ತು, ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು, ಎಳ್ಳಮಾವಾಸ್ಯೆಗೆ ಹಿಂಗಾರಿ ಪೈರಿನ ನಡುವೆ ಚರಗ ಚೆಲ್ಲಿ ಉಣ್ಣುವದು, ಹೀಗೆ ವರ್ಷದ ಹಬ್ಬಗಳ ಸಾಲು ಮಳೆಯ ಸಾಲಿನ ಮೇಲೆಯೇ ನಿಂತಿದೆ. ಬಾದಾಮಿಯ ಬಳಿ ಚೊಳಚಗುಡ್ಡದ ಬನಶಂಕರಿಗೆ ಶಾಕಾಂಬರಿಯೆಂಬ ಹೆಸರಿದೆ. ನೂರು ವರ್ಷ ಮಳೆಯಿಲ್ಲದೆ ಲೋಕವು ಹಸಿದಾಗ ತನ್ನ ಮೈಯಿಂದಲೇ ಕಾಯಿಪಲ್ಯಗಳನ್ನು ಹುಟ್ಟಿಸಿ ಜನರನ್ನು ಸಾಕಿದವಳು ಎಂಬುದು ಪುರಾಣದ ಮಾತು. ಬನದ ಹುಣ್ಣಿಮೆಯ ಜಾತ್ರೆಗೆ ಮುಂಚೆ ದೇವಿಗೆ 108 ಬಗೆಯ ಪಲ್ಯಗಳನ್ನು ಅರ್ಪಿಸುವ ಪಲ್ಯದ ಹಬ್ಬವು ನಡೆಯುವದು. ಬರದ ಸೀಮೆಯು ಇಂಥ ದೇವತೆಯನ್ನು ಆರಿಸಿಕೊಂಡದ್ದು ಸಹಜವೇ. ಆರನೆಯ ಶತಮಾನದಲ್ಲಿ ಚಾಲುಕ್ಯರು ರಾಜಧಾನಿಗಾಗಿ ಬಾದಾಮಿಯನ್ನು ಆರಿಸಿದ್ದರಲ್ಲಿಯೂ ನೀರಿನ ಮರ್ಮವಿರಬೇಕು. ಬಂಡೆಯ ಗುಡ್ಡದ ಮೇಲೆ ಬಿದ್ದ ಮಳೆಯು ಇಂಗದೆ ಕೆಳಗೆ ಧುಮುಕುವದು. ಗುಡ್ಡಗಳ ನಡುವಿನ ಅಗಸ್ತ್ಯತೀರ್ಥವು ಅದನ್ನು ಹಿಡಿದುಕೊಳ್ಳುವದು. ಬಂಡೆಯ ಬಿರುಕುಗಳಲ್ಲಿ ಇಳಿದ ನೀರು ಮಹಾಕೂಟದಲ್ಲಿ ಚಿಲುಮೆಯಾಗಿ ಹೊರಡುವದು. ಓಡುವ ನೀರನ್ನು ಗುಡ್ಡದ ಬುಡದಲ್ಲಿ ನಿಲ್ಲಿಸಬೇಕೆಂಬ ಸೂತ್ರವನ್ನು ಆ ಕಾಲದವರು ಚೆನ್ನಾಗಿ ಅರಿತಿದ್ದರು.

ಇಳಕಲ್ಲದ ನೇಕಾರನು ಹೊಲವನ್ನು ಉಳದಿದ್ದರೂ ಮಳೆಯ ಲೆಕ್ಕದಿಂದ ಹೊರಗಿಲ್ಲ. ಹಾಸಿನ ನೂಲಿಗೆ ಗಂಜಿ ಹಾಕಿ ಬೀದಿಯುದ್ದಕ್ಕೆ ಚಾಚಿ ಒಣಗಿಸಲು ಒಣ ಹವೆ ಬೇಕು. ಮಗ್ಗದ ಮೇಲೆ ಮಾತ್ರ ಅದೇ ಒಣ ಹವೆಗೆ ನೂಲು ಪಟಪಟನೆ ಹರಿಯುವದು. ಕುಣಿಮಗ್ಗದಲ್ಲಿ ನೂಲು ನೆಲದ ಹತ್ತಿರವಿರುವದರಿಂದ ಕುಣಿಯ ತಂಪು ಅದನ್ನು ಕಾಪಾಡುವದು. ಹೊಲದವನ ಹಾಗೆ ಅವನೂ ನೆಲದ ಪಸೆಯನ್ನು ನಂಬಿದವನೇ. ಇನ್ನು ಮಾರಾಟದ ಮಾತು: ಹಿಂಗಾರಿ ಬೆಳೆ ಬಂದ ವರ್ಷ ಮದುವೆಗಳು ಹೆಚ್ಚು, ಸೀರೆಗಳ ಬೇಡಿಕೆ ಹೆಚ್ಚು. ಬೆಳೆ ಹೋದ ವರ್ಷ ಒಕ್ಕಲಿಗನು ಮೊದಲು ನಿಲ್ಲಿಸುವ ಖರ್ಚು ಬಟ್ಟೆಯದು. ಗುಳೇದಗುಡ್ಡದ ಖಣದವರ ಸ್ಥಿತಿಯೂ ಇದೇ.

ಬರವು ಈ ಸೀಮೆಯಲ್ಲಿ ಏನು ಮಾಡಬಲ್ಲದೆಂಬುದಕ್ಕೆ 1876ರಿಂದ 1878ರವರೆಗಿನ ಬರವೇ ದೊಡ್ಡ ಸಾಕ್ಷಿ. ಆಗ್ಗೆ ಜಿಲ್ಲೆಯ ಹೆಸರು ಕಲಾದಗಿ. 1876ರಲ್ಲಿ ಮುಂಗಾರಿ ಅರೆಯಾಯಿತು, ಹಿಂಗಾರಿ ಪೂರ್ತಿ ತಪ್ಪಿತು. 1872ರ ಖಾನೇಸುಮಾರಿಯಲ್ಲಿ ಎಂಟು ಲಕ್ಷಕ್ಕೆ ಮಿಕ್ಕಿದ್ದ ಜಿಲ್ಲೆಯ ಜನಸಂಖ್ಯೆಯು 1881ರಲ್ಲಿ ಆರೂವರೆ ಲಕ್ಷಕ್ಕಿಂತ ಕೆಳಗಿಳಿಯಿತು. ಅಂದರೆ ಐವರಲ್ಲಿ ಒಬ್ಬರು ಸತ್ತರು ಇಲ್ಲವೆ ನಾಡು ಬಿಟ್ಟರು. ಕಾಳು ಬೇರೆ ಸೀಮೆಯಲ್ಲಿದ್ದರೂ ತರುವ ದಾರಿಯಿರಲಿಲ್ಲ. ದಾರಿಯಲ್ಲಿ ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತಿದ್ದವು. ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಯಪುರಗಳ ಮೇಲೆ ಹೊಟಗಿಗೆ ಹೋಗುವ ರೇಲ್ವೆಯನ್ನು 1880ರ ದಶಕದಲ್ಲಿ ಹಾಕಿದ್ದು ಈ ಅನುಭವದ ತರುವಾಯವೇ. ಬಾಗಲಕೋಟೆಯ ಬಳಿಯ ಮುಚಖಂಡಿ ಕೆರೆಯೂ ಆ ಶತಮಾನದ ಕೊನೆಯ ಭಾಗದ್ದು. ರೇಲ್ವೆ, ಪಡಿತರ, ಬರಪರಿಹಾರದ ಕಾಮಗಾರಿಗಳಿಂದಾಗಿ ಮುಂದಿನ ಬರಗಳಲ್ಲಿ ಅಂಥ ಸಾವು ಮರುಕಳಿಸಲಿಲ್ಲ. 1972ರಲ್ಲಿಯೂ, ಇತ್ತೀಚೆಗೆ 2023ರಲ್ಲಿ ರಾಜ್ಯದ ಬಹುತೇಕ ತಾಲೂಕುಗಳನ್ನು ಬರಪೀಡಿತವೆಂದು ಸಾರಿದಾಗಲೂ, ಜನರು ಹಸಿವಿನಿಂದ ಸಾಯಲಿಲ್ಲ, ಗುಳೆ ಹೋದರು. ಬಾದಾಮಿ ಹುನಗುಂದಗಳ ಕೂಲಿಯವರು ಗೋವೆಗೂ ಮಂಗಳೂರಿಗೂ ಉಡುಪಿಗೂ ಹೋಗಿ ಕಟ್ಟಡಗಳಲ್ಲಿ ದುಡಿಯುವರು. ತಮ್ಮ ಮಳೆಯನ್ನು ಸುರಿಸಿಕೊಂಡ ಕರಾವಳಿಗೆ ಅನ್ನಕ್ಕಾಗಿ ಇಳಿಯುವದು ಈ ಸೀಮೆಯವರ ಪಾಡಾಗಿದೆ.

ಅಣೆಕಟ್ಟುಗಳು ಬಂದ ಮೇಲೆ ಇದೆಲ್ಲ ಮುಗಿಯಿತೆಂದು ಕೆಲವರು ಭಾವಿಸುವರು. ನವಿಲುತೀರ್ಥದಲ್ಲಿ ಮಲಪ್ರಭೆಗೆ, ಹಿಡಕಲ್ಲಿನಲ್ಲಿ ಘಟಪ್ರಭೆಗೆ 1970ರ ದಶಕದಲ್ಲಿ ಕಟ್ಟೆಗಳಾದವು. ಆಲಮಟ್ಟಿಯಲ್ಲಿ 1964ರಲ್ಲಿ ಅಡಿಗಲ್ಲು ಬಿದ್ದ ಕೃಷ್ಣೆಯ ಕಟ್ಟೆಯು 2006ರಲ್ಲಿ ದೇಶಕ್ಕೆ ಸಮರ್ಪಿತವಾಯಿತು. ಅದರ ಹಿನ್ನೀರು ಘಟಪ್ರಭೆಯನ್ನೇರಿ ಬಂದು ಬಾಗಲಕೋಟೆಯ ಹಳೆಯ ಪಟ್ಟಣದ ಭಾಗವನ್ನೂ ಹೊಳೆದಂಡೆಯ ಅತ್ಯುತ್ತಮ ಎರೆಭೂಮಿಗಳನ್ನೂ ಮುಳುಗಿಸಿತು. ಜನರು ನವನಗರಕ್ಕೆ ಹೋದರು. ನೀರು ಕಣ್ಣೆದುರಿಗೆ ಸಮುದ್ರದಂತೆ ನಿಂತಿದ್ದರೂ ಎತ್ತರದ ಹೊಲಗಳಿಗೆ ಅದು ಏರುವದಿಲ್ಲ. ಹುನಗುಂದ ತಾಲೂಕಿನಲ್ಲಿ 2010ರ ದಶಕದಲ್ಲಿ ಕೈಕೊಂಡ ಮರೋಳ ರಾಮಥಾಳದ ಹನಿ ನೀರಾವರಿ ಯೋಜನೆಯು ಸುಮಾರು 24,000 ಹೆಕ್ಟೇರು ಭೂಮಿಗೆ ಕೊಳವೆಯ ಮೂಲಕ ನೀರು ಕೊಡುವ ಉದ್ದೇಶದ್ದು. ಅದು ಒಳ್ಳೆಯ ಉದ್ದೇಶವೇ. ಕಾಲುವೆಯ ಆಚೆಗಿರುವ, ಕೊಳವೆಯ ಆಚೆಗಿರುವ ಹೊಲಗಳ ಮಾತು ಹಾಗೆಯೇ ಉಳಿಯಿತು. ಅಲ್ಲದೆ ಕಟ್ಟೆಯ ನೀರೂ ಘಟ್ಟದ ಮಳೆಯನ್ನೇ ನಂಬಿದೆ. 2019ರ ಆಗಸ್ಟಿನಲ್ಲಿ ಘಟ್ಟದಲ್ಲಿ ಅತಿವೃಷ್ಟಿಯಾಗಿ ನವಿಲುತೀರ್ಥದಿಂದ ಬಿಟ್ಟ ನೀರು ಪಟ್ಟದಕಲ್ಲಿನ ದೇವಾಲಯಗಳನ್ನು ಸುತ್ತುವರಿಯಿತು. ಹೊಳೆಯ ಎರಡು ಮಗ್ಗುಲಿನವರ ಮನೆ ಪೈರು ತೇಲಿಹೋಗುತ್ತಿದ್ದಾಗ, ದಂಡೆಯಿಂದ ದೂರದ ಒಕ್ಕಲಿಗರು ತಮ್ಮ ಮಳೆಗಾಗಿ ಉತ್ತರಾ ನಕ್ಷತ್ರದ ದಾರಿ ಕಾಯಬೇಕಾಯಿತು.

ಆದಕಾರಣ ಇಲ್ಲಿಯ ಜಮೀನುದಾರನ ಮೊದಲ ಕೆರೆಯು ಅವನ ಹೊಲವೇ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು 1 ಲಕ್ಷ ಲೀಟರಿಗೂ ಮಿಕ್ಕಿದ ನೀರು. ಹತ್ತು ಎಕರೆಯ ಹೊಲದಲ್ಲಿ ಎರಡಂಗುಲದ ಒಂದು ಉತ್ತರಾ ಮಳೆಯು 20 ಲಕ್ಷ ಲೀಟರು ತರುವದು. ಇದರಲ್ಲಿ ಎಷ್ಟು ಒಳಗಿಳಿಯಿತು, ಎಷ್ಟು ಹಳ್ಳಕ್ಕೆ ಹೋಯಿತು ಎಂಬುದನ್ನು ಬೀಜ ಗೊಬ್ಬರಗಳಿಗಿಂತ ಮೊದಲು ಕೇಳಬೇಕು. ಎರೆಮಣ್ಣಿನ ಸ್ವಭಾವವು ವಿಚಿತ್ರವಾದುದು. ಬೇಸಿಗೆಯಲ್ಲಿ ಬಿರಿದಾಗ ಮೊದಲಿನ ಮಳೆಯೆಲ್ಲ ಬಿರುಕುಗಳಲ್ಲಿ ನೇರವಾಗಿ ಕೆಳಗಿಳಿಯುವದು. ಮಣ್ಣು ನೆನೆದು ಉಬ್ಬಿದ ಮೇಲೆ ಬಿರುಕು ಮುಚ್ಚಿ, ಮೇಲ್ಮೈ ಜಿಗಟಾಗಿ, ನೀರು ಬಹು ನಿಧಾನವಾಗಿ ಇಂಗುವದು. ಸೆಪ್ಟೆಂಬರದ ದೊಡ್ಡ ಮಳೆಗಳು ಬೀಳುವದು ಹೀಗೆ ಬಾಯಿ ಮುಚ್ಚಿದ ನೆಲದ ಮೇಲೆ. ಹೊಲವು ಕಣ್ಣಿಗೆ ಸಮವಾಗಿ ತೋರಿದರೂ ನೂರು ಫೂಟಿಗೆ ಒಂದು ಫೂಟು ಇಳಿಜಾರಿದ್ದರೆ ಸಾಕು, ಕದಡಿದ ನೀರು ಹೊರಟೇ ಹೋಗುವದು. ನೀರು ಮಾತ್ರ ಹೋದರೆ ಒಂದು ವರ್ಷದ ನಷ್ಟ. ಅದರೊಡನೆ ಮಣ್ಣೂ ಹೋಗುವದು. ಒಂದು ಎಕರೆಯಿಂದ ಒಂದಂಗುಲ ಮಣ್ಣು ಹೋದರೆ ಅದರ ತೂಕ ಸುಮಾರು 130 ಟನ್ನು. ಅರ್ಧ ಟನ್ನಿನ ಚಕ್ಕಡಿಯ ಲೆಕ್ಕದಿಂದ 260 ಚಕ್ಕಡಿ. ಯಾವನಾದರೂ ರಾತ್ರಿ ಬಂದು ಹತ್ತು ಚಕ್ಕಡಿ ಮಣ್ಣನ್ನು ಹೇರಿಕೊಂಡು ಹೋದನೆಂದರೆ ಜಮೀನುದಾರನು ಚಾವಡಿಗೆ ಬಂದು ಫಿರ್ಯಾದು ಕೊಡುವನು. ಹಸ್ತಾ ಮಳೆಯು ಅದಕ್ಕಿಂತ ಹೆಚ್ಚು ಒಯ್ದರೆ ಸುಮ್ಮನಿರುವನು.

1928ರಲ್ಲಿ ವರದಿ ಸಲ್ಲಿಸಿದ ರಾಯಲ್ ಕೃಷಿ ಕಮಿಶನ್ನಿನ ತರುವಾಯ, 1930ರ ದಶಕದ ಮೊದಲರ್ಧದಲ್ಲಿ, ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರು, ರೋಹತಕಗಳಲ್ಲಿ ಒಣ ಬೇಸಾಯದ ಸಂಶೋಧನೆಯು ಪ್ರಾರಂಭವಾಯಿತು. ವಿಜಯಪುರದ ಕ್ಷೇತ್ರವು ಬಾಗಲಕೋಟೆ ಸೀಮೆಯಂಥ ಎರೆಭೂಮಿಗಾಗಿಯೇ ಕೆಲಸ ಮಾಡಿದ್ದು. ಸಮಪಾತಳಿಯ ಮೇಲೆ ಒಡ್ಡು ಹಾಕುವದು, ಬಿತ್ತುವ ಮೊದಲು ಹಲವು ಸಲ ಕುಂಟೆಯಿಂದ ಹರಗುವದು, ಬೀಜವನ್ನು ಕಡಿಮೆ ಮಾಡಿ ಸಾಲುಗಳನ್ನು 18 ಅಂಗುಲ ಅಂತರದಲ್ಲಿಡುವದು, ಪೈರಿನಲ್ಲಿ ಎಡೆಕುಂಟೆಯನ್ನು ಮೇಲಿಂದ ಮೇಲೆ ಹೊಡೆಯುವದು, ಇವು ಅಲ್ಲಿಂದ ಹೊರಟ ಶಿಫಾರಸುಗಳು. ಎಡೆಕುಂಟೆಯ ಪ್ರಯೋಜನವು ಕಳೆ ತೆಗೆಯುವದಷ್ಟೇ ಅಲ್ಲ. ಮಾರ್ಗಶಿರ ಪುಷ್ಯಗಳಲ್ಲಿ ಮತ್ತೆ ಬಿರಿಯಲಾರಂಭಿಸುವ ನೆಲದ ಬಾಯಿಗೆ ಅದು ಪುಡಿಮಣ್ಣು ತುಂಬುವದು. ಇಲ್ಲವಾದರೆ ಒಳಗಿನ ಪಸೆಯು ಬಿರುಕುಗಳ ಮೂಲಕ ಆರಿಹೋಗಿ ತೆನೆಗೆ ಕಾಳು ಕಟ್ಟುವದಿಲ್ಲ. ಮುಂದೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಚೌಕುಮಡಿಗಳನ್ನು ಬಳಕೆಗೆ ತಂದರು. ಜುಲೈ ಆಗಸ್ಟುಗಳ ಬಿಡುವಿನಲ್ಲಿ ಖಾಲಿ ಇರುವ ಹಿಂಗಾರಿ ಹೊಲವನ್ನು ಹತ್ತರಿಂದ ಹದಿನೈದು ಫೂಟಿನ ಚೌಕುಗಳಾಗಿ ಸಣ್ಣ ಬದುಗಳಿಂದ ವಿಭಾಗಿಸಿಬಿಟ್ಟರೆ, ಬಿದ್ದ ಮಳೆ ಬಿದ್ದಲ್ಲಿಯೇ ನಿಂತು ಇಂಗುವದು. ಖರ್ಚು ಅಲ್ಪ, ಲಾಭ ಖಂಡಿತ. ಹೀಗಿದ್ದೂ ಇದನ್ನು ಮಾಡುವವರ ಸಂಖ್ಯೆ ಸಾಲದು. ಆ ಎರಡು ತಿಂಗಳು ಹೊಲದಲ್ಲಿ ಪೈರು ಇರುವದಿಲ್ಲವಾದ್ದರಿಂದ ಅಲ್ಲಿಗೆ ಹೋಗುವದೇ ರೂಢಿಯಲ್ಲಿಲ್ಲ.

ಒಡ್ಡಿನ ವಿಷಯವು ಇಷ್ಟು ಸುಲಭವಾದುದಲ್ಲ, ಏಕೆಂದರೆ ಅದರಲ್ಲಿ ನೆರೆಯವನೂ ಸೇರಿರುವನು. ಹುನಗುಂದದ ಕಡೆಗೆ ದೊಡ್ಡ ಒಡ್ಡು ಹಾಕಿ ಹೆಚ್ಚಿನ ನೀರಿಗೆ ಕಲ್ಲಿನ ಕೋಡಿ ಕಟ್ಟುವ ಸಂಪ್ರದಾಯವು ಸರಕಾರದ ಯೋಜನೆಗಳಿಗಿಂತ ಹಳೆಯದು. ಮಣ್ಣಿನ ಒಡ್ಡು ಎಷ್ಟೇ ಗಟ್ಟಿಯಾಗಿದ್ದರೂ ನೀರು ಮೇಲೆ ಹತ್ತಿ ಹಾಯ್ದರೆ ಒಂದೇ ತಾಸಿನಲ್ಲಿ ಕೊರೆದುಹೋಗುವದು. ಮೇಲಿನವನ ಒಡ್ಡು ಒಡೆದರೆ ಆ ನೀರೆಲ್ಲ ಒಮ್ಮೆಲೆ ಕೆಳಗಿನವನ ಒಡ್ಡಿನ ಮೇಲೆ ಬೀಳುವದು, ಅದೂ ಒಡೆಯುವದು, ಹೀಗೆ ಒಂದೇ ರಾತ್ರಿಯಲ್ಲಿ ಏಳೆಂಟು ಹೊಲಗಳ ಒಡ್ಡುಗಳು ಸಾಲಾಗಿ ಹೋದ ಉದಾಹರಣೆಗಳು ಪ್ರತಿಯೊಂದು ಊರಿನಲ್ಲಿ ಉಂಟು. ಕೋಡಿಯನ್ನು ಬಹಳ ತಗ್ಗಿನಲ್ಲಿಟ್ಟರೆ ನೀರು ನಿಲ್ಲದು. ಬಹಳ ಎತ್ತರದಲ್ಲಿಟ್ಟರೆ ಒಡ್ಡು ಉಳಿಯದು, ಇಲ್ಲವೆ ಮೇಲಿನವನ ಪೈರಿನಲ್ಲಿ ನೀರು ನಿಂತು ಬಿತ್ತಿಗೆಯೇ ತಡವಾಗುವದು. ಎಷ್ಟೋ ಮನೆತನಗಳ ಹಗೆತನವು ಒಂದು ಕೋಡಿಯ ಕಲ್ಲಿನಿಂದ ಹುಟ್ಟಿ ಕೋರ್ಟಿನವರೆಗೆ ಹೋಗಿದೆ. 1942ರಲ್ಲಿ ಮುಂಬಯಿ ಸರಕಾರವು ಭೂಸುಧಾರಣಾ ಯೋಜನೆಗಳ ಕಾಯಿದೆಯನ್ನು ಮಾಡಿದ್ದರ ಅರ್ಥವೂ ಇದೇ: ಒಡ್ಡು ಒಬ್ಬನ ಹೊಲದ ಕೆಲಸವಲ್ಲ, ಹಳ್ಳದ ತಲೆಯಿಂದ ಬುಡದವರೆಗಿನ ಎಲ್ಲ ಹೊಲಗಳ ಕೆಲಸ. ಆ ದಶಕದಲ್ಲಿ ಬರದ ಕಾಮಗಾರಿಗಳಾಗಿ ಹಾಕಿದ ಒಡ್ಡುಗಳಲ್ಲಿ ಕೆಲವು ಇಂದಿಗೂ ನಿಂತಿವೆ. ಕೆಲವನ್ನು ಒಕ್ಕಲಿಗರೇ ಅರ್ಧ ಗುಂಟೆ ನೆಲದಾಸೆಗೆ ಕಿತ್ತು ಬಿತ್ತಿದ್ದಾರೆ. ಅಣ್ಣತಮ್ಮಂದಿರು ಹಿಸೆಯಾಗಿ ಹೊಲವನ್ನು ಇಳಿಜಾರಿನುದ್ದಕ್ಕೆ ಸೀಳಿಕೊಂಡಲ್ಲಿ ಹೊಸ ಬದುವು ನೀರಿಗೆ ಕಾಲುವೆಯಾಗಿ ಪರಿಣಮಿಸಿದೆ. ಹಿಸೆಯ ಪಂಚಾಯತಿಗೆ ಕೂಡ್ರುವ ಹಿರಿಯರು ಎಕರೆ ಗುಂಟೆಗಳನ್ನು ಸಮನಾಗಿ ಹಂಚಿದರಷ್ಟೇ ಸಾಲದು. ಇಳಿಜಾರಿಗೆ ಅಡ್ಡವಾಗಿ ಹಂಚಿದರೆ ಮುಂದಿನ ತಲೆಯವರಿಗೆ ಮಣ್ಣು ಉಳಿಯುವದು.

ಜೈಸಲಮೇರದ ಮಾತು ಇಲ್ಲಿ ಪುನಃ ಉಪಯೋಗಕ್ಕೆ ಬರುವದು. ಅಲ್ಲಿ ಪಾಲೀವಾಲ ಬ್ರಾಹ್ಮಣರು ಹದಿನೈದನೆಯ ಶತಮಾನದ ಸುಮಾರಿನಿಂದ ಖಡೀನಗಳೆಂಬ ಒಡ್ಡಿನ ಹೊಲಗಳನ್ನು ಕಟ್ಟಿದರು. ಕಲ್ಲುಗುಡ್ಡದ ಮೇಲೆ ಬಿದ್ದ ಅಲ್ಪ ಮಳೆಯನ್ನು ತಗ್ಗಿನ ಹೊಲದಲ್ಲಿ ಉದ್ದವಾದ ಒಡ್ಡಿನಿಂದ ತಡೆದು ನಿಲ್ಲಿಸುವರು. ಚಳಿಗಾಲಕ್ಕೆ ನೀರು ಇಂಗಿದ ಮೇಲೆ ಅದೇ ಪಸೆಯಲ್ಲಿ ಗೋಧಿ ಕಡಲೆ ಬಿತ್ತುವರು. ಇಸ್ರೇಲಿನ ನೆಗೇವ ಮರುಭೂಮಿಯಲ್ಲಿ ನಾಲ್ಕಂಗುಲ ಮಳೆಯಲ್ಲಿ ಪ್ರಾಚೀನ ಜನರು ಇದೇ ಉಪಾಯದಿಂದ ಬೆಳೆ ತೆಗೆದಿದ್ದರೆಂಬುದನ್ನು ಮೈಕೇಲ ಎವೆನಾರಿಯೆಂಬ ಸಸ್ಯಶಾಸ್ತ್ರಜ್ಞರು 1950ರ ದಶಕದ ಕೊನೆಯಿಂದ ಅಲ್ಲಿಯ ಹಳೆಯ ಹೊಲಗಳನ್ನು ಪುನಃ ಕಟ್ಟಿ ತೋರಿಸಿದರು. ನಾಲ್ಕಂಗುಲದವರೂ ಏಳಂಗುಲದವರೂ ಸಾಧಿಸಿದ್ದನ್ನು ಇಪ್ಪತ್ತೆರಡು ಅಂಗುಲದವರು ಅಸಾಧ್ಯವೆನ್ನಲಾಗದು.

ಕೃಷಿಹೊಂಡಗಳ ಬಗ್ಗೆಯೂ ಒಂದು ಮಾತು. 2014ರಲ್ಲಿ ಪ್ರಾರಂಭವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡಗಳು ಬಹಳವಾದವು. ಎರೆಭೂಮಿಯ ಹೊಂಡದಲ್ಲಿ ನೀರು ತಾನೇ ನಿಲ್ಲುವದು. ಮಸಾರಿಯಲ್ಲಿ ತಳಕ್ಕೆ ಹಾಳೆ ಹಾಸದಿದ್ದರೆ ವಾರದೊಳಗೆ ಇಂಗುವದು. ಒಡ್ಡು ಚೌಕುಮಡಿಗಳಿಲ್ಲದ ಹೊಲದಲ್ಲಿ ಹೊಂಡ ತೋಡಿದರೆ ಅದು ಮೂರು ವರ್ಷಗಳಲ್ಲಿ ಹೂಳಿನಿಂದ ತುಂಬುವದು. ಆ ಹೂಳು ಮತ್ತಾವುದೂ ಅಲ್ಲ, ಮೇಲಿನ ಹೊಲದ ಸತ್ವವೇ. ಬೇಸಿಗೆಯಲ್ಲಿ ಅದನ್ನು ತೆಗೆದು ಮರಳಿ ಹೊಲಕ್ಕೆ ಹರಡುವವನು ಜಾಣನು. ಇನ್ನು ಇತ್ತೀಚಿನ ವರ್ಷಗಳಲ್ಲಿ ಬಿಳಿಜೋಳವನ್ನು ಬಿಟ್ಟು ಹೊಲವನ್ನೆಲ್ಲ ಕಡಲೆಗೆ ಹಾಕುವದು ಹೆಚ್ಚಾಗಿದೆ. ಕಡಲೆಗೆ ಧಾರಣೆಯುಂಟು, ಯಂತ್ರದಿಂದ ರಾಶಿಯಾಗುವದು, ನೀರೂ ಕಡಿಮೆ ಸಾಕು, ಒಕ್ಕಲಿಗನನ್ನು ತಪ್ಪುಗಾರನೆನ್ನಲಾಗದು. ಕಣಿಕೆಯಿಲ್ಲದೆ ದನ ಉಳಿಯುವದಿಲ್ಲ, ದನವಿಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದ ಎರೆಯು ಇನ್ನಷ್ಟು ಬೇಗ ಬಾಯಿ ಮುಚ್ಚುವದು, ಇನ್ನಷ್ಟು ನೀರನ್ನು ಹೊರಗೆ ಹರಿಯಬಿಡುವದು. ಹೊಲದ ಮೂರನೆಯ ಒಂದು ಪಾಲನ್ನಾದರೂ ಪ್ರತಿವರ್ಷ ಜೋಳಕ್ಕಿಟ್ಟು ಪಾಳಿಯನ್ನು ತಿರುಗಿಸುವದು ಹಿತವಾದುದು.

ಒಡ್ಡುಗಳನ್ನು ನೋಡತಕ್ಕ ಕಾಲವು ಮಳೆಗೆ ಮುಂಚೆ ಒಮ್ಮೆ, ಮಿರಗದ ಮೊದಲ ದೊಡ್ಡ ಮಳೆ ಬಿದ್ದ ಮರುದಿವಸ ಇನ್ನೊಮ್ಮೆ. ಮೊದಲನೆಯ ಸಲ ಇಲಿ ಹೆಗ್ಗಣಗಳ ಬಿಲಗಳನ್ನೂ ಚಕ್ಕಡಿ ಟ್ರ್ಯಾಕ್ಟರುಗಳು ದಾಟಿ ತಗ್ಗಾದ ಸ್ಥಳಗಳನ್ನೂ ಮುಚ್ಚಿ ದಮ್ಮಸುಮಾಡಬೇಕು. ಎರಡನೆಯ ಸಲ ನೀರು ನಿಂತ ಗುರುತು ಒಡ್ಡಿನ ಮೈಮೇಲೆ ಕಾಣುವದು. ಆ ಗೆರೆಗೂ ಒಡ್ಡಿನ ತಲೆಗೂ ನಡುವೆ ಒಂದು ಫೂಟಿನಷ್ಟು ಎತ್ತರ ಉಳಿದಿರದಿದ್ದರೆ ಕೋಡಿಯನ್ನು ಅಗಲ ಮಾಡಬೇಕು, ಎತ್ತರ ಮಾಡಕೂಡದು. ಕೋಡಿಯ ಕೆಳಗೆ ನೀರು ಬೀಳುವಲ್ಲಿ ದಪ್ಪ ಕಲ್ಲುಗಳನ್ನು ಹಾಸಿ, ಅಕ್ಕಪಕ್ಕದಲ್ಲಿ ಹುಲ್ಲು ನೆಡಬೇಕು. ಈ ನೋಟಕ್ಕೆ ಮೇಲಿನ ಹೊಲದವನನ್ನೂ ಕೆಳಗಿನ ಹೊಲದವನನ್ನೂ ಜತೆಯಲ್ಲಿ ಕರೆದೊಯ್ಯುವದು ಒಳ್ಳೆಯದು. ಉತ್ತರಾ ಮಳೆ ಬರುವದಕ್ಕೆ ಅಲ್ಲಿಂದ ಮೂರು ತಿಂಗಳು ಅವಧಿಯಿರುವದು.